ಯಾವ ಮಾತ್ರೆ ಒಂದು ದಿನ ಕಾಯುತ್ತದೆ, ಯಾವುದು ಕಾಯುವುದಿಲ್ಲ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪುಷ್ಯ, ಆಶ್ಲೇಷ ಮಳೆ ಜೋರು ಹಿಡಿದರೆ ಮಲೆನಾಡಿನಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ರಸ್ತೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದದ್ದು, ಚಾರ್ಮಾಡಿ ಘಾಟಿ ಮುಚ್ಚಿದ್ದು ಯಾರೂ ಮರೆತಿಲ್ಲ. ಇಂಥ ಹೊತ್ತಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವರು, ಜ್ವರಕ್ಕೆ ಮಾತ್ರೆ ಕೊಡುವವರು ಬೇಗ ಬರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ, ಮೂರ್ಛೆ, ಕಿಡ್ನಿ ತೊಂದರೆ ಇರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ, ಅವರೂ ಹೇಳಿಕೊಳ್ಳುವುದಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು.

ಪ್ರಶ್ನೆ: ನಮ್ಮೂರ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದರೆ ಇನ್ನೂರು ಇನ್ನೂರೈವತ್ತು ಜನ ಬರುತ್ತಾರೆ. ನಾವು ಯುವಕ ಸಂಘದವರು ಊಟ, ಹಾಸಿಗೆ ನೋಡಿಕೊಳ್ಳುತ್ತೇವೆ. ದಿನಾ ಮಾತ್ರೆ ತಗೊಳ್ಳುವವರ ವಿಷಯದಲ್ಲಿ ನಾವೇನು ಮಾಡಬಹುದು? – ಸಕಲೇಶಪುರ ತಾಲ್ಲೂಕಿನ ಓದುಗರು

ಹೆಸರು ಬರೆದುಕೊಳ್ಳುವ ಮೇಜಿನಲ್ಲೇ ಶುರು ಮಾಡಿ. ‘ನಿಮಗೇನಾದರೂ ಕಾಯಿಲೆ ಇದೆಯಾ’ ಎಂದು ಕೇಳಬೇಡಿ. ‘ಏನಿಲ್ಲ, ಆರಾಮಿದೀನಿ’ ಎಂಬ ಉತ್ತರ ಬರುತ್ತದೆ. ಹತೋಟಿಯಲ್ಲಿರುವ ಸಕ್ಕರೆಯನ್ನು ಕಾಯಿಲೆ ಎಂದು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗೆ ಕೇಳಿ: ದಿನಾ ಮಾತ್ರೆ ನುಂಗ್ತೀರಾ? ಇಂಜೆಕ್ಷನ್ ಚುಚ್ಚಿಕೊಳ್ತೀರಾ? ಉಸಿರಿಗೆ ಪಂಪ್ ಇದೆಯಾ? ಡಯಾಲಿಸಿಸ್ ಮಾಡಿಸ್ತೀರಾ? ಫಿಟ್ಸ್ ಬಂದದ್ದುಂಟಾ? ಕೊನೇ ಸಲ ತಗೊಂಡಿದ್ದು ಯಾವಾಗ, ಇನ್ನೆಷ್ಟು ಉಳಿದಿದೆ? ಕ್ಷಯ, ಎಚ್‌ಐವಿ, ಮನಸ್ಸಿನ ಕಾಯಿಲೆಯ ಮಾತ್ರೆಗಳ ಬಗ್ಗೆ ಸಾಲಿನಲ್ಲಿ ನಿಲ್ಲಿಸಿ ಕೇಳಬಾರದು. ಒಂದು ಕೋಣೆ ಬಿಡಿಸಿಕೊಂಡು, ಆಶಾ ಕಾರ್ಯಕರ್ತೆಯಿಂದಲೇ ಒಬ್ಬೊಬ್ಬರನ್ನಾಗಿ ಕೇಳಿಸಿ.

ಎಷ್ಟು ಜನ ಸಿಗಬಹುದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಸಮೀಕ್ಷೆಯ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 35.5 ಮಂದಿಗೆ ರಕ್ತದೊತ್ತಡ. ಇನ್ನೂರು ವಯಸ್ಕರಿದ್ದರೆ ಸುಮಾರು 23 ಮಂದಿ ಸಕ್ಕರೆಯವರು, 70 ಮಂದಿ ಬಿಪಿಯವರು. ಇವರಲ್ಲಿ ಎಲ್ಲರೂ ಮಾತ್ರೆ ತಿನ್ನುತ್ತಿರುವುದಿಲ್ಲ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆದರೂ ನಿಮ್ಮ ಪಟ್ಟಿಯಲ್ಲಿ ನಾಲ್ಕೇ ಹೆಸರು ಬಂದಿದ್ದರೆ ಕೇಳಿದ ರೀತಿಯಲ್ಲಿ ತಪ್ಪಿದೆ ಎಂದೇ ತಿಳಿಯಿರಿ.

ಪಟ್ಟಿ ಆದ ಮೇಲೆ ಮೂರು ಗುಂಪು ಮಾಡಿ. ಎಲ್ಲರಿಗೂ ಒಟ್ಟಿಗೆ ಔಷಧ ಹುಡುಕಹೊರಟರೆ ತುರ್ತು ಇರುವವರು ಸಾಲಿನ ಕೊನೆಯಲ್ಲಿ ಉಳಿದುಬಿಡುತ್ತಾರೆ.

ಆ ದಿನವೇ ಸಿಗಲೇಬೇಕಾದವು: ಇನ್ಸುಲಿನ್, ಫಿಟ್ಸ್ ಮಾತ್ರೆ, ಅಸ್ತಮಾ ಪಂಪ್, ಡಯಾಲಿಸಿಸ್‌ನ ಮುಂದಿನ ಸರದಿ, ತಿಂಗಳುಗಟ್ಟಲೆ ತಿನ್ನುತ್ತಿರುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ, ಸ್ಟೆಂಟ್ ಅಥವಾ ಕವಾಟದ ಆಪರೇಷನ್ ಆದವರ ರಕ್ತ ತೆಳು ಮಾಡುವ ಮಾತ್ರೆ. ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲಿರುವ ಟೈಪ್ 1 ಮಕ್ಕಳಿಗೆ ಅದು ನಿಂತರೆ ಒಂದೆರಡು ದಿನದಲ್ಲೇ ರಕ್ತ ಆಮ್ಲವಾಗಿ ವಾಂತಿ, ಏದುಸಿರು ಶುರುವಾಗುತ್ತದೆ. ಫಿಟ್ಸ್ ಮಾತ್ರೆ ಥಟ್ಟನೆ ನಿಂತರೆ ಬಿಡದೆ ಫಿಟ್ಸ್ ಬರಬಹುದು. ಬಿಪಿ ಮಾತ್ರೆಗಳಲ್ಲೂ ಎರಡನ್ನು ಈ ಗುಂಪಿಗೇ ಸೇರಿಸಿ: ಕ್ಲೋನಿಡಿನ್, ಮತ್ತು ಅಟೆನಲಾಲ್, ಮೆಟೊಪ್ರೊಲಾಲ್ ಜಾತಿಯವು. ಇವು ಒಮ್ಮೆಲೇ ನಿಂತರೆ ಒತ್ತಡ, ಎದೆಬಡಿತ ಮೊದಲಿಗಿಂತ ಮೇಲೆ ಚಿಮ್ಮುತ್ತವೆ. ಕ್ಷಯ ಮತ್ತು ಎಚ್‌ಐವಿ ಮಾತ್ರೆ ತಪ್ಪಿದರೆ ಆ ಕ್ಷಣಕ್ಕೆ ಏನೂ ಕಾಣುವುದಿಲ್ಲ, ಆದರೆ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಅವನ್ನೂ ಮರುದಿನಕ್ಕೆ ತಳ್ಳಬೇಡಿ.

ಎರಡು ಮೂರು ದಿನದೊಳಗೆ ಸಿಕ್ಕರಾಗುವವು: ಉಳಿದ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ. ಅಮ್ಲೋಡಿಪಿನ್ ಅರ್ಧಕ್ಕೆ ಇಳಿಯಲು ಮೈಯಲ್ಲಿ 30ರಿಂದ 50 ಗಂಟೆ ಬೇಕು, ಒಂದು ದಿನ ತಪ್ಪಿದರೆ ಗಾಬರಿಯಿಲ್ಲ. ವಾರ ಕಾಯುವಂಥವು ಥೈರಾಯ್ಡ್ ಮತ್ತು ಕೊಲೆಸ್ಟ್ರಾಲ್ ಮಾತ್ರೆ.

ಔಷಧ ನೀವು ಕೊಡಬೇಡಿ, ಪಟ್ಟಿ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿಸ್ಟ್‌ಗೆ ‘ಬಿಪಿ ಮಾತ್ರೆ ಬೇಕು’ ಎಂದರೆ ಪ್ರಯೋಜನವಿಲ್ಲ. ಹೆಸರು, ಎಷ್ಟು ಮಿ.ಗ್ರಾಂ., ದಿನಕ್ಕೆ ಎಷ್ಟು, ಎಷ್ಟು ಜನಕ್ಕೆ ಎಂದು ಬರೆದಿರಬೇಕು. ಕೇಳುವಾಗ 14 ದಿನದ್ದು ಕೇಳಿ. ಎರಡು ದಿನದ್ದು ತಂದರೆ ಮೂರನೇ ದಿನ ಮತ್ತೆ ಅದೇ ಸಾಲು, ಅಷ್ಟರಲ್ಲಿ ರಸ್ತೆ ಇರುತ್ತದೋ ಇಲ್ಲವೋ. ಚೀಟಿ ಕಳೆದುಕೊಂಡವರು ‘ಬಿಳೀ ಸಣ್ಣ ಮಾತ್ರೆ’ ಎನ್ನುತ್ತಾರೆ. ಬಿಳೀ ಸಣ್ಣ ಮಾತ್ರೆ ನೂರೆಂಟಿವೆ. ಬಣ್ಣ ನೋಡಿ ಯಾರಿಗೂ ಏನೂ ಕೊಡಕೂಡದು. ಅವರು ಯಾವಾಗಲೂ ಕೊಳ್ಳುವ ಮೆಡಿಕಲ್ ಸ್ಟೋರ್‌ಗೆ ಫೋನ್ ಮಾಡಿ, ಇಲ್ಲವೇ ಅವರ ಊರಿನ ಆಶಾ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯನ್ನು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುವವರಾದರೆ ವಿವರ ಎನ್‌ಸಿಡಿ ಪೋರ್ಟಲ್‌ನಲ್ಲೂ (ಬಿಪಿ, ಸಕ್ಕರೆಯಂಥ ಕಾಯಿಲೆಗಳ ಸರ್ಕಾರಿ ಆನ್‌ಲೈನ್ ದಾಖಲೆ) ಇರಬಹುದು.

ಪಟ್ಟಿಯ ಇನ್ನೊಂದು ಪ್ರತಿ ಅಡುಗೆಮನೆಗೆ ಹೋಗಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್ ತಗೊಂಡವರಿಗೆ ಊಟ ಒಂದು ಗಂಟೆ ತಡವಾದರೂ ಸಕ್ಕರೆ ಕೆಳಗೆ ಬೀಳಬಹುದು. ಮೊದಲ ಪಂಕ್ತಿ ಅವರದ್ದಾಗಲಿ, ಮತ್ತು ಊಟ ಎದುರಿಗೆ ಬರುವ ತನಕ ಇಂಜೆಕ್ಷನ್ ಬೇಡ. ಬೆವರು, ನಡುಕ, ತಲೆ ಮಂಕಾದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ. 15 ನಿಮಿಷ ನೋಡಿ, ಸಕ್ಕರೆ 70ಕ್ಕಿಂತ ಕೆಳಗೇ ಇದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಅಮ್ಮನಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾಲ್ಕೈದು ದಿನ ಬರೋಲ್ಲ. ಫ್ರಿಜ್ ಇದ್ದೂ ಇಲ್ಲದ ಹಾಗೆ. ಐಸ್‌ನಲ್ಲಿ ಇಡಿ ಅಂತಾರೆ, ಮಡಕೆಯಲ್ಲಿ ಇಡಿ ಅಂತಾರೆ. ಯಾವುದು ಸರಿ? – ಕಳಸ ಹೋಬಳಿ

ನಿಮ್ಮಲ್ಲಿ ಮಳೆಗಾಲದಲ್ಲಿ ಎರಡೂ ಬೇಡ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು ನಿಜ. ಆದರೆ ಬಳಕೆಯಲ್ಲಿರುವ ಸೀಸೆ 30 ಡಿಗ್ರಿಯ ಒಳಗೆ ನಾಲ್ಕು ವಾರ ಹೊರಗೇ ಇರಬಹುದು. ಜುಲೈ, ಆಗಸ್ಟ್‌ನಲ್ಲಿ ಕಳಸದ ಮನೆಯೊಳಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಒಲೆ, ಹೊಗೆ ಅಟ್ಟ, ಬಿಸಿಲು ಬೀಳುವ ಕಿಟಕಿಯಿಂದ ದೂರ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ಫ್ರಿಜ್ ಕೆಟ್ಟ ದಿನಾಂಕವನ್ನು ಸೀಸೆ ಮೇಲೆ ಬರೆದು, ಅಲ್ಲಿಂದ 28 ದಿನ ಎಣಿಸಿಕೊಳ್ಳಿ. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ ತಾಪಮಾನವನ್ನು ಅಳೆದು, ಅದೇ ಏರಿಳಿತದಲ್ಲಿ, ಅಂದರೆ 25ರಿಂದ 37 ಡಿಗ್ರಿಯಲ್ಲಿ, ಇನ್ಸುಲಿನ್ ಇಟ್ಟು ಪರೀಕ್ಷಿಸಿದ್ದಾರೆ. ನಾಲ್ಕು ವಾರಕ್ಕೂ ಅದರ ಶಕ್ತಿ ಕುಂದಿರಲಿಲ್ಲ ಎಂದು 2021ರಲ್ಲಿ ಪ್ರಕಟವಾಯಿತು. ಕರೆಂಟ್ ಹೋಯಿತೆಂದು ಇನ್ಸುಲಿನ್ ಎಸೆಯುವವರು, ಅದಕ್ಕಿಂತ ಕೆಟ್ಟದಾಗಿ ಚುಚ್ಚುವುದನ್ನೇ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಐಸ್ ಅಪಾಯ. ಒಮ್ಮೆ ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇರಬಹುದು, ಕೆಲಸ ಮಾಡುವುದಿಲ್ಲ. ಲಸಿಕೆ ಕ್ಯಾರಿಯರ್‌ನಲ್ಲಿ ತರುವಾಗಲೂ ಐಸ್ ಪ್ಯಾಕ್ ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲಷ್ಟೇ ಹಾಕಬೇಕು. ಸೀಸೆಗೆ ಬಟ್ಟೆ ಸುತ್ತಿರಬೇಕು. ಲಸಿಕೆ ಹಾಕುವ ಸಿಸ್ಟರ್‌ಗಳಿಗೆ ಇದು ರೂಢಿಯ ಕೆಲಸ, ಪರಿಹಾರ ಸಾಮಗ್ರಿ ಹೊತ್ತು ತರುವ ಹುಡುಗರಿಗೆ ಗೊತ್ತಿರುವುದಿಲ್ಲ.

ಇನ್ನು ಮಡಕೆ. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ, ದಿನಕ್ಕೆರಡು ಸಲ ನೀರು ಹನಿಸಿ, ಒದ್ದೆ ಬಟ್ಟೆ ಮುಚ್ಚಿದರೆ ಒಳಗೆ ತಂಪಾಗುತ್ತದೆ. ನೀರು ಆವಿಯಾಗುವುದರಿಂದಲೇ ಆ ತಂಪು. ಗಾಳಿ ಒಣಗಿರುವ ಅರಸೀಕೆರೆ, ಕಡೂರಿನಲ್ಲಿ ಏಪ್ರಿಲ್ ತಿಂಗಳಿಗೆ ಅದು ಹೇಳಿ ಮಾಡಿಸಿದ ಉಪಾಯ. ಬಟ್ಟೆ ವಾರವಾದರೂ ಒಣಗದ ಕಳಸದ ಆಷಾಢದಲ್ಲಿ ಆವಿಯಾಗುವುದೇನು, ಬೂಷ್ಟು ಬರುತ್ತದೆ ಅಷ್ಟೆ.

ಎಸೆಯಬೇಕಾದ್ದು ಯಾವುದು? ತಿಳಿಯಾಗಿರಬೇಕಾದ ರೆಗ್ಯುಲರ್ ಇನ್ಸುಲಿನ್ ಮಬ್ಬಾದರೆ, ಹಾಲಿನಂತಿರುವ 30/70 ಮಿಶ್ರ ಇನ್ಸುಲಿನ್ ಅಂಗೈಯಲ್ಲಿ 10–20 ಸಲ ಉರುಳಿಸಿದರೂ ಗಂಟು ಗಂಟಾಗಿ ಗೋಡೆಗೆ ಅಂಟಿದರೆ, ಅಥವಾ ನೆರೆ ನೀರಿನಲ್ಲಿ ಸೀಸೆ ಮುಳುಗಿದ್ದರೆ.

ಪ್ರಶ್ನೆ: ಪರಿಹಾರ ಕೇಂದ್ರದಲ್ಲಿ ಒಬ್ಬರಿಗೆ ತಪ್ಪದೆ 20 ಯೂನಿಟ್ ಇನ್ಸುಲಿನ್ ಹಾಕಿದರೂ ಸಕ್ಕರೆ 400ರ ಮೇಲೇ ಇತ್ತು. ಹಳೆ ಇನ್ಸುಲಿನ್ ಇರಬಹುದೆ? – ಮೂಡಿಗೆರೆ

ಇರಬಹುದು, ಆದರೆ ಮೊದಲು ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಕಿತ್ತಳೆ ಮುಚ್ಚಳದ ಸಿರಿಂಜ್ ಈ 100ರ ಅಳತೆಗೆ. ದಾನದ ಪೆಟ್ಟಿಗೆಯಲ್ಲಿ ಕಿತ್ತಳೆ ಸಿರಿಂಜ್ ಬಂದು, ಅದರಲ್ಲಿ 40ರ ಸೀಸೆಯಿಂದ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯದಿರುವುದಕ್ಕೆ ಅಷ್ಟು ಸಾಕು.

ತಿರುಗುಮುರುಗಾದರೆ ಜೀವಕ್ಕೇ ಕುತ್ತು. 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಆಗುತ್ತದೆ. ಆದ್ದರಿಂದ ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯುವುದು ಯಾವ ತುರ್ತಿನಲ್ಲೂ ಬೇಡ. ಸೂಜಿ ಬದಲಿಸಿಯಾದರೂ ಒಬ್ಬರ ಪೆನ್ನು ಇನ್ನೊಬ್ಬರಿಗೆ ಬೇಡ, ರಕ್ತ ಹಿಂದಕ್ಕೆ ಕಾರ್ಟ್ರಿಜ್‌ಗೆ ಹೋಗಿರಬಹುದು.

ಗ್ಲೂಕೋಮೀಟರಿಗೆ ಹಾಕಿ ಸಕ್ಕರೆ ನೋಡುವ ಪಟ್ಟಿಯನ್ನೂ (ಸ್ಟ್ರಿಪ್) ಒಮ್ಮೆ ಅನುಮಾನಿಸಿ. ಡಬ್ಬಿಯ ಮುಚ್ಚಳ ತೆರೆದಿಟ್ಟಿದ್ದರೆ ಮಲೆನಾಡಿನ ತೇವಕ್ಕೆ ಪಟ್ಟಿ ಕೆಟ್ಟು ಅಂಕಿ ಅಡ್ಡಾದಿಡ್ಡಿ ಬರುತ್ತದೆ. ಬಾಳೆಹಣ್ಣು ಸುಲಿದ ಬೆರಳನ್ನು ತೊಳೆಯದೆ ಚುಚ್ಚಿದರೂ ಅಷ್ಟೆ.

ಪ್ರಶ್ನೆ: ನಮ್ಮ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೊಳೆ ಏರಿದರೆ ಪೇಟೆಗೆ ಹೋಗುವ ಹಾಗಿಲ್ಲ. ಏನು ಸಿದ್ಧತೆ ಮಾಡಿಕೊಳ್ಳಬೇಕು? – ಕೊಪ್ಪ ತಾಲ್ಲೂಕು

ಅಮ್ಮಾ, ಇದರಲ್ಲಿ ಔಷಧಕ್ಕಿಂತ ದಾರಿಯೇ ಮುಖ್ಯ. ಹೆಬ್ಬಾಳೆ ಸೇತುವೆಯಂತೆ ಭದ್ರೆ ಉಕ್ಕಿದಾಗಲೆಲ್ಲ ಮುಳುಗುವ ಜಾಗ ನಿಮ್ಮ ದಾರಿಯಲ್ಲಿದ್ದರೆ, ಆರೆಂಜ್ ಅಥವಾ ರೆಡ್ ಅಲರ್ಟ್ ಬಂದ ದಿನವೇ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ ಸರದಿಯನ್ನು ಒಂದು ದಿನ ಮುಂಚೆ ಹಾಕಿಸಿಕೊಳ್ಳಿ. ನೀರು ಏರುವ ಮುಂಚೆ ಆಸ್ಪತ್ರೆಯ ದಡದಲ್ಲಿರುವ ನೆಂಟರ ಮನೆಗೆ ಹೋಗಿರುವುದು ಇನ್ನೂ ಒಳ್ಳೆಯದು. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಮೊದಲೇ ತಿಳಿಸಿ, ‘ಡಯಾಲಿಸಿಸ್ ರೋಗಿ’ ಎಂಬ ಮಾತು ಬಿಡದೆ ಹೇಳಿ. ದೋಣಿ, ಜೀಪು ಯಾರಿಗೆ ಮೊದಲು ಎಂದು ಅಲ್ಲಿ ತೀರ್ಮಾನವಾಗುತ್ತದೆ.

ಬೇರೆ ಕೇಂದ್ರದಲ್ಲಿ ಮಾಡಿಸಬೇಕಾಗಿ ಬಂದರೆ ಅವರು ಕೇಳುವುದು ಇವು: ಡ್ರೈ ವೇಟ್ (ಮೈಯ ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಎಷ್ಟು, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಮಾಡಿದ ರಕ್ತನಾಳದ ಜೋಡಣೆ) ಯಾವ ಕೈಯಲ್ಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಷ್ಟು, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ವರದಿ, ಕೊನೆಯ ಡಯಾಲಿಸಿಸ್ ಯಾವತ್ತು. ಹೆಪಟೈಟಿಸ್ ವರದಿ ಇಲ್ಲದೆ ಎಷ್ಟೋ ಕಡೆ ಯಂತ್ರಕ್ಕೆ ಹಾಕುವುದೇ ಇಲ್ಲ. ಐದನ್ನೂ ಒಂದು ಹಾಳೆಗೆ ಬರೆದು, ವರದಿಯ ಜೆರಾಕ್ಸ್ ಸೇರಿಸಿ ಪ್ಲಾಸ್ಟಿಕ್ ಕವರಿನಲ್ಲಿಡಿ. ಮೊಬೈಲ್‌ನಲ್ಲಿ ಫೋಟೊ ಇದ್ದರೂ ಕಾಗದ ಬೇಕು, ಚಾರ್ಜ್ ಇರುವುದಿಲ್ಲ.

ಸರದಿ ತಪ್ಪಿದ ದಿನಗಳಲ್ಲಿ ಮೈಯಲ್ಲಿ ನೀರು ಮತ್ತು ಪೊಟ್ಯಾಸಿಯಂ ಏರುತ್ತಾ ಹೋಗುತ್ತವೆ. ಕುಡಿಯುವ ನೀರು, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರಿನ ಆಸುಪಾಸಿಗೆ ಇಳಿಸಿ. ಮೂತ್ರ ಹೋಗುತ್ತಿದ್ದರೆ ಅಷ್ಟನ್ನು ಅದಕ್ಕೆ ಸೇರಿಸಬಹುದು. ಎಳನೀರು ಬೇಡವೇ ಬೇಡ. ಪರಿಹಾರ ಕೇಂದ್ರಕ್ಕೆ ಅದನ್ನು ಪ್ರೀತಿಯಿಂದ ತಂದುಕೊಡುವವರು ಇರುತ್ತಾರೆ, ಕಿಡ್ನಿಯವರಿಗೆ ಅದು ವಿಷಕ್ಕೆ ಸಮ. ಬಾಳೆಹಣ್ಣು, ಕಿತ್ತಳೆ, ಸೊಪ್ಪಿನ ಸಾರು, ‘ಕಡಿಮೆ ಸೋಡಿಯಂ’ ಎಂದು ಬರೆದ ಉಪ್ಪು, ವೈದ್ಯರನ್ನು ಕೇಳದೆ ಕುಡಿಸುವ ಓಆರ್‌ಎಸ್, ಇವೂ ಬೇಡ. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಬಾಯಾರಿಕೆಯೇ ಕಡಿಮೆಯಾಗುತ್ತದೆ. ಅನ್ನ, ಅಕ್ಕಿ ರೊಟ್ಟಿ, ಕಡುಬು, ನೀರು ಬಸಿದ ತರಕಾರಿ ತಿನ್ನಬಹುದು. ಮಲಗಿದರೆ ಉಸಿರು ಕಟ್ಟಿದಂತಾಗುವುದು, ಕೈಕಾಲು ಸೋತು ಎತ್ತಲಾಗದಿರುವುದು, ನಾಡಿ ನಿಧಾನವಾಗುವುದು, ಇವುಗಳಲ್ಲಿ ಒಂದು ಕಂಡರೂ ಸರದಿಯ ದಿನ ಕಾಯಬೇಡಿ.

ಪ್ರಶ್ನೆ: ಎರಡು ದಿನ ಬಿಪಿ ಮಾತ್ರೆ ತಪ್ಪಿತು. ಎರಡನ್ನೂ ಒಟ್ಟಿಗೆ ನುಂಗಬಹುದಾ? – ಆಲೂರು

ಬೇಡ. ಈ ದಿನದ್ದು ಮಾತ್ರ ನುಂಗಿ. ಬಿಪಿ ನೋಡಿಸುವುದಾದರೆ ಐದು ನಿಮಿಷ ಬೆನ್ನು ಆನಿಸಿ ಕೂತ ಮೇಲೆ ನೋಡಿಸಿ. ಗುಡ್ಡ ಹತ್ತಿ ಬಂದ ಮೈಯಲ್ಲಿ, ಮನೆ ಹೋಯಿತೆಂಬ ಸಂಕಟದಲ್ಲಿ ಯಾರದ್ದಾದರೂ ಏರಿರುತ್ತದೆ. ಆ ಒಂದು ಅಂಕಿ ನೋಡಿ ಹೊಸ ಮಾತ್ರೆ ಶುರು ಮಾಡುವುದಲ್ಲ. 180/110 ದಾಟಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಜೊತೆಗೆ ಎದೆನೋವು, ಮಾತು ತೊದಲುವುದು, ಕೈ ಸೋಲುವುದು ಇದ್ದರೆ 108.

ಪ್ರಶ್ನೆ: ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರಿದ್ದಾರೆ. ಮಳೆಗೆ ದಾರಿ ಮುಚ್ಚಿದಾಗ ಅವರ ಕಾಯಿಲೆ ಮಾತ್ರೆಗಳ ಲೆಕ್ಕವೇ ಸಿಗುವುದಿಲ್ಲ. – ಎಸ್ಟೇಟ್ ರೈಟರ್, ಚಿಕ್ಕಮಗಳೂರು ತಾಲ್ಲೂಕು

ನಿಮ್ಮ ಹಾಜರಿ ಪುಸ್ತಕವೇ ಇದಕ್ಕೆ ಒಳ್ಳೆಯ ಸಾಧನ. ಮಳೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲೇ, ಆಶಾ ಮತ್ತು ಆರೋಗ್ಯಾಧಿಕಾರಿಯನ್ನು ಬಟವಾಡೆಯ ದಿನ ಕರೆಸಿ. ಆ ದಿನ ಎಲ್ಲರೂ ಒಂದೆಡೆ ಸಿಗುತ್ತಾರೆ. 30 ದಾಟಿದವರ ಬಿಪಿ, ಸಕ್ಕರೆ ನೋಡಿಸಿ. ಅವರವರ ಊರಿನಿಂದ ತಂದ ಮಾತ್ರೆಯ ಹಾಳೆಯನ್ನು ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದಿಡಿ. ಅಂಗಡಿಯ ಹೆಸರು ಬೇರೆಯಾದರೂ ಒಳಗಿನ ಔಷಧದ ಹೆಸರು ಅಲ್ಲಿ ಅಚ್ಚಾಗಿರುತ್ತದೆ. ರೇಷನ್ ಕಾರ್ಡ್ ಇಲ್ಲಿನದಲ್ಲ ಎಂಬ ಕಾರಣಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರಿಗೆ ಬಿಪಿ, ಸಕ್ಕರೆ ಮಾತ್ರೆ ನಿಲ್ಲುವುದಿಲ್ಲ, ಹಾಗೆಂದುಕೊಂಡು ಅವರೇ ಹೋಗದೆ ಉಳಿಯುತ್ತಾರೆ. ಜೂನ್ ಮೊದಲ ವಾರದೊಳಗೆ ಒಂದು ತಿಂಗಳ ಮಾತ್ರೆ ಕೈಗೆ ಬಂದಿದೆಯೇ ನೋಡಿ. ಮಾತು ತಿಳಿಯದಿದ್ದರೆ ಅವರ ಮೇಸ್ತ್ರಿಯನ್ನು ಕೂರಿಸಿಕೊಳ್ಳಬಹುದು, ಆದರೆ ಕ್ಷಯ, ಎಚ್‌ಐವಿ ಮಾತು ಬಂದಾಗ ಮೇಸ್ತ್ರಿ ಹೊರಗಿರಲಿ. ಕೆಲಸ ಹೋಗುವ ಭಯಕ್ಕೆ ಯಾರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಉಬ್ಬಸಕ್ಕೆ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನ ಬಳಸುತ್ತೇನೆ. ಮಳೆಗಾಲದಲ್ಲಿ ಅದು ಸರಿಯಾಗಿ ಕೆಲಸವೇ ಮಾಡುವುದಿಲ್ಲ. – ಶೃಂಗೇರಿ

ಕ್ಯಾಪ್ಸೂಲ್ ತೇವ ಎಳೆದುಕೊಂಡು ಮೆತ್ತಗಾಗಿರುತ್ತದೆ, ಒಳಗಿನ ಪುಡಿ ಗಂಟು ಕಟ್ಟಿರುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಂದೊಂದನ್ನೇ ಎಳೆಯುವ ಹೊತ್ತಿಗೆ ಹೊರತೆಗೆಯಿರಿ. ಸಾಧನವನ್ನು ತೊಳೆದರೆ ಪೂರ್ತಿ ಒಣಗದೆ ಬಳಸಬೇಡಿ. ಉಬ್ಬಸ ಜೋರಾದವರಿಗೆ ಪುಡಿಯನ್ನು ಎಳೆಯುವ ಶಕ್ತಿಯೂ ಇರುವುದಿಲ್ಲ, ಹಾಗಾಗಿ ತುರ್ತಿಗೆ ಒತ್ತುವ ಪಂಪೇ ಮೇಲು.

ಪಂಪಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಇಲ್ಲವೆಂದರೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ತಳದಲ್ಲಿ ಪಂಪಿನ ಬಾಯಿಯ ಆಕಾರಕ್ಕೇ ತಂತಿ ಕಾಯಿಸಿ ತೂತು ಕೊರೆಯಿರಿ, ಗಾಳಿ ಸೋರದಂತೆ ಅಂಟು ಹಾಕಿ. ಸೋರಿದರೆ ಮಾಡಿದ್ದು ವ್ಯರ್ಥ. ಸೋಪಿನ ನೀರಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ತಾನೇ ಒಣಗಲು ಬಿಡಿ. ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಿರ ವಿದ್ಯುತ್ ಹತ್ತಿ ಔಷಧವೆಲ್ಲ ಗೋಡೆಗೆ ಅಂಟುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿ, ಹೀಗೆ ಬಿಗಿಯಾಗಿ ಮಾಡಿದ ಬಾಟಲಿ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆ ಎಂದು 1999ರಲ್ಲೇ ತೋರಿಸಿದ್ದಾರೆ. ಒಂದು ಸಲಕ್ಕೆ ಒಂದೇ ಒತ್ತು, ನಾಲ್ಕಾರು ಉಸಿರು, ಆಮೇಲೆ ಇನ್ನೊಂದು. ಉಬ್ಬಸ ಏರಿದಾಗ ಸಾಲ್ಬುಟಮಾಲ್ 4ರಿಂದ 10 ಒತ್ತು, 20 ನಿಮಿಷ ಬಿಟ್ಟು ಮತ್ತೆ. ಒಂದು ಗಂಟೆಯಲ್ಲಿ ಇಳಿಯದಿದ್ದರೆ, ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಿದ್ದರೆ ಆಸ್ಪತ್ರೆಯೇ ಗತಿ. ಕಾಳಜಿ ಕೇಂದ್ರದಲ್ಲಿ ಮಲಗುವುದಾದರೆ ಸೌದೆ ಒಲೆಯ ಹೊಗೆ ಬರದ ಕೋಣೆ ಕೇಳಿ ಪಡೆಯಿರಿ.

ಪ್ರಶ್ನೆ: ಅಪ್ಪನಿಗೆ 15 ವರ್ಷದಿಂದ ಸಕ್ಕರೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಧರೆ ಕುಸಿದ ಮಣ್ಣು ತೆಗೆಯಲು ಬರಿಗಾಲಲ್ಲಿ ಇಳಿಯುತ್ತಾರೆ. ಇಂಬಳ ಕಚ್ಚಿದರೆ ರಕ್ತ ನಿಲ್ಲೋದೇ ಇಲ್ಲ. – ಬಾಳೂರು ಕಡೆಯಿಂದ

ಸ್ಟೆಂಟ್‌ನ ಕ್ಲೋಪಿಡೊಗ್ರೆಲ್, ಆಸ್ಪಿರಿನ್ ಇರುವವರಿಗೆ ಇಂಬಳದ ಗಾಯ ಬಹಳ ಹೊತ್ತು ಸೋರುತ್ತದೆ. ಅದಕ್ಕಾಗಿ ಮಾತ್ರೆ ನಿಲ್ಲಿಸಿಬಿಡಬೇಡಿ, ಸ್ಟೆಂಟ್ ಕಟ್ಟಿಕೊಂಡೀತು. ಶುದ್ಧ ಬಟ್ಟೆಯಿಂದ ನಡುನಡುವೆ ತೆಗೆದು ನೋಡದೆ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ, ಕಾಲು ಎತ್ತರಕ್ಕಿರಲಿ.

ನಮಗೆ ಹೆಚ್ಚು ಭಯವಿರುವುದು ಅವರ ಪಾದದ ಬಗ್ಗೆ. ಜೋಮು ಹಿಡಿದ ಪಾದಕ್ಕೆ ಗಾಜು, ತಗಡು ಹೊಕ್ಕರೂ ತಿಳಿಯುವುದಿಲ್ಲ. ಗಮ್ ಬೂಟು ಹಾಕಿಸಿ, ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಿ. ಎರಡು ಗಂಟೆಗೊಮ್ಮೆ ಬಿಚ್ಚಿ ಒಣಗಿಸಿ, ಬೆರಳ ಸಂದು ಬೆಳ್ಳಗೆ ನೆಂದಿದ್ದರೆ ಆ ದಿನದ ಕೆಲಸ ಸಾಕು. ಸಂಜೆ ಬಂದು ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುವ ಅಭ್ಯಾಸ ಮಲೆನಾಡಿನಲ್ಲಿ ಎಲ್ಲರಿಗೂ ಉಂಟು. ಸಕ್ಕರೆಯವರಿಗೆ ಅದು ಕೂಡದು. ಸುಟ್ಟಿದ್ದು ಗೊತ್ತಾಗುವುದು ಮರುದಿನ ಗುಳ್ಳೆ ಎದ್ದ ಮೇಲೆ. ಒಣ ಟವಲ್, ಉಣ್ಣೆ ಕಾಲುಚೀಲ ಸಾಕು. ಕೆಸರಿನ ಕೆಲಸ ಮುಂದುವರಿಯುವುದಾದರೆ ಇಲಿ ಜ್ವರ ತಡೆಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪ್ರಶ್ನೆ: ವಾಂತಿ ಭೇದಿ ಆದಾಗಲೂ ಸಕ್ಕರೆ, ಬಿಪಿ ಮಾತ್ರೆ ನುಂಗಬೇಕೆ? ಸಕ್ಕರೆಯವರಿಗೆ ಓಆರ್‌ಎಸ್ ಕೊಡಬಹುದೆ? – ಬೇಲೂರು

ಓಆರ್‌ಎಸ್ ಕೊಡಲೇಬೇಕು. ಲೀಟರಿಗೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ, ಉಪ್ಪು ನೀರನ್ನು ಕರುಳು ಹೀರಿಕೊಳ್ಳಲು ಅದು ಬೇಕು. ಅದಕ್ಕೆ ಹೆದರಿ ನಿರ್ಜಲೀಕರಣಕ್ಕೆ ಬಿಟ್ಟರೆ ಕಿಡ್ನಿ ಹೋಗುತ್ತದೆ. ಮಾತ್ರೆಗಳಲ್ಲಿ ಕೆಲವನ್ನು ನೀರು ಕುಡಿದು ಉಳಿಯುವಂತಾಗುವ ತನಕ ಸಾಮಾನ್ಯವಾಗಿ ತಡೆಹಿಡಿಯುತ್ತಾರೆ: ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್ ಮತ್ತು ಎನಲಾಪ್ರಿಲ್ ಜಾತಿ, ಮೂತ್ರ ಹೋಗಿಸುವ ಮಾತ್ರೆ. 104ಕ್ಕೆ ಫೋನ್ ಮಾಡಿ ಹೆಸರು ಓದಿ ಹೇಳಿದರೆ ಸಲಹೆ ಸಿಗುತ್ತದೆ. ಮನಸ್ಸಿನ ಕಾಯಿಲೆಗೆ ಲಿಥಿಯಂ ತಿನ್ನುವವರು ಅದನ್ನು ತಪ್ಪದೆ ಹೇಳಬೇಕು, ಮೈಯಲ್ಲಿ ನೀರು ಕಡಿಮೆಯಾದರೆ ಅದು ವಿಷಮಟ್ಟಕ್ಕೆ ಏರುತ್ತದೆ. ಇನ್ಸುಲಿನ್ ಮಾತ್ರ ಊಟ ಬಿಟ್ಟಿದ್ದಾರೆಂದು ಪೂರ್ತಿ ನಿಲ್ಲಿಸಬಾರದು. ಪ್ರಮಾಣ ಬದಲಾಗಬಹುದು, ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ ವೈದ್ಯರು ಹೇಳಿದಷ್ಟು ಹಾಕಿ.

ಪ್ರಶ್ನೆ: ನಮ್ಮ ಬಡಾವಣೆಯವರು ಮನೆಮನೆಯಿಂದ ಮಾತ್ರೆ ಕೂಡಿಸಿ ಎರಡು ಪೆಟ್ಟಿಗೆ ಕಳಿಸಬೇಕೆಂದಿದ್ದೇವೆ. – ಹಾಸನ

ಕಳಿಸಬೇಡಿ. ಅರ್ಧ ಕತ್ತರಿಸಿದ ಹಾಳೆಯಲ್ಲಿ ಹೆಸರೂ ಇರುವುದಿಲ್ಲ, ಅವಧಿಯ ದಿನಾಂಕವೂ ಇರುವುದಿಲ್ಲ. ಅದನ್ನು ವಿಂಗಡಿಸಲು ಅಲ್ಲಿನ ಒಬ್ಬನೇ ಫಾರ್ಮಸಿಸ್ಟ್ ಎರಡು ದಿನ ಕೂರಬೇಕು. ಒಬ್ಬರಿಗೆ ಕೊಟ್ಟು ಉಳಿದ ಔಷಧ, ಕಂಪನಿಯ ಸ್ಯಾಂಪಲ್ಲು ದಾನಕ್ಕೆ ಸಲ್ಲದು, ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ದಾನದ ನಿಯಮಗಳೂ ಹೇಳುತ್ತವೆ. ಆ ದುಡ್ಡಿನಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳಿ ಕೊರತೆಯಿರುವುದನ್ನು ಕೊಡಿಸಿ. ಸಾಮಾನ್ಯವಾಗಿ ಕೊರತೆ ಬೀಳುವುದು ಗ್ಲೂಕೋಮೀಟರ್ ಪಟ್ಟಿ, ಕೆಂಪು ಮುಚ್ಚಳದ 40ರ ಸಿರಿಂಜ್, ಬಿಪಿ ಯಂತ್ರದ ಬ್ಯಾಟರಿ, ಮತ್ತು ಬಳಸಿದ ಸೂಜಿ ಹಾಕಲು ಗಟ್ಟಿ ಮುಚ್ಚಳದ ಡಬ್ಬಿ. ಡಬ್ಬಿ ಹೊಸದೇ ಆಗಬೇಕೆಂದಿಲ್ಲ, ಸೂಜಿ ಹೊರಗೆ ಚುಚ್ಚದಷ್ಟು ದಪ್ಪ ಪ್ಲಾಸ್ಟಿಕ್ ಆದರೆ ಸಾಕು.